ಬಿಸಿಲು ಕೇಳುವ ಕಂಬಗಳು

೨೦೬೧ರ ಏಪ್ರಿಲ್ ಮಧ್ಯಾಹ್ನ, ಕಲಬುರಗಿಯ ಓಣಿಯೊಂದರ ಕಟ್ಟೆಯ ಮೇಲೆ ಗುರಬಾಯಿ ಶಾಲು ಹೊದ್ದು ಕೂತಿದ್ದರು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು "ಏನ್ ಬಿಸ್ಲರೀ ಗುರಬಾಯವ್ವಾ" ಎಂದರು. ಇವರು "ಸುಡ್ಲಕತ್ತದ ನೋಡ್ರಿ" ಎಂದು ಶಾಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡರು. ಪಕ್ಕದ ಕಂಬ ಅದನ್ನು ಕೇಳಿಸಿಕೊಂಡು ಮತ್ತಷ್ಟು ತಂಪು ಬಿಟ್ಟಿತು.

ಆ ಕಂಬಗಳು ಅವರ ಮಗಳು, ವಿಜ್ಞಾನಿ ಮಹಾನಂದಾಳ ಸೃಷ್ಟಿ. ಚಳಿಗಾಲದ ರಾತ್ರಿಗಳಲ್ಲಿ ನೆಲದಡಿಯ ಒಂದು ಬಗೆಯ ಉಪ್ಪಿನ ದ್ರಾವಣ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ತಂಪನ್ನು ಕಂಬಗಳು ಓಣಿಗಳಿಗೆ ಹಂಚುತ್ತವೆ. ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸಲು ಉಷ್ಣಮಾಪಕಕ್ಕಿಂತ ಜನರ ಮಾತೇ ಮೇಲು ಎಂದು ಆಕೆ ನಂಬಿದ್ದಳು. ಬಿಸಿಲು ಎಂದವರ ಕಡೆಗೆ ತಂಪು. ಇದಕ್ಕಿಂತ ದೊಡ್ಡ ಪ್ರಜಾಪ್ರಭುತ್ವ ಇನ್ನೇನು ಬೇಕು?

ಮೇ ತಿಂಗಳು ಪೂರ್ತಿ ಬಾಕಿಯಿತ್ತು, ಹೆಪ್ಪು ಆಗಲೇ ಮುಕ್ಕಾಲು ಕರಗಿತ್ತು. ಕಾರಣ ಸಿಗದೆ ತಲೆ ಕೆಡಿಸಿಕೊಂಡು ಮನೆಗೆ ಬಂದವಳಿಗೆ ಕಟ್ಟೆಯ ಮೇಲೆ ತಾಯಿ ಕಂಡರು.

"ಅವ್ವಾ, ಶಾಲು ಹೊದ್ಕೊಂಡು ಬಿಸ್ಲು ಅಂತಿ?"

"ಮತ್ತೇನ್ ಅನ್ಬೇಕವಾ? ಎದುರಿಗಿ ಬಂದೋರಿಗಿ ಮೂಕರಂಗ ನೋಡ್ಕೋತ ಕೂಡ್ಲಕ್ಕ ಬರ್ತದೇನು?"

ಮಹಾನಂದಾಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಈ ಊರು ಕ್ಷೇಮ ವಿಚಾರಿಸುವುದೇ ಬಿಸಿಲನ್ನು ಬೈದು. ಇಲ್ಲೇ ಹುಟ್ಟಿ ಬೆಳೆದ ತನಗೆ ಅದು ಹೊಳೆದಿರಲಿಲ್ಲ.

ಗುರಬಾಯಿ ತಮ್ಮ ಮಾತಿನಲ್ಲೇ ಇದ್ದರು. ದಾಲ್ ಮಿಲ್ಲಿನ ಹಿಂದೆ ತಗಡಿನ ಶೆಡ್ಡಿನಲ್ಲಿರುವ ಗೆಳತಿ ರಶೀದಾಬಿ ವಾರದಿಂದ ಕಟ್ಟೆಗೆ ಬಂದಿಲ್ಲವಂತೆ. ಮಹಾನಂದಾ ಚಪ್ಪಲಿ ಕಳಚದೆ ಅಲ್ಲಿಗೇ ಹೋದಳು. ಓಣಿ ಕುಲುಮೆಯಾಗಿತ್ತು. ಕಂಬ ನೆಟ್ಟಗೆ ನಿಂತಿತ್ತು, ತಂಪಿನ ಸುಳಿವಿಲ್ಲ. ದುಡಿಯುವವರು ಮಿಲ್ಲಿನ ಸದ್ದಿನೊಳಗೆ, ಉಳಿದವರು ಮುಚ್ಚಿದ ಬಾಗಿಲುಗಳ ಹಿಂದೆ. ರಶೀದಾಬಿ ಒದ್ದೆ ಸೀರೆ ಮೈಮೇಲೆ ಎಳೆದುಕೊಂಡು ನೆಲಕ್ಕೆ ಅಂಟಿಕೊಂಡಿದ್ದರು.

"ಚಾಚಿ, ಬಾಗ್ಲಿಗಿ ಬಂದು ಒಂದ್ಸಲ ಬಿಸ್ಲು ಅಂದಿದ್ರ ಸಾಕಿತ್ತಲ್ಲ."

"ಅನ್ಲಕ್ಕೂ ದಮ್ ಬೇಕಲ್ಲ, ಬೇಟಿ."

ಅವರನ್ನು ಆಸ್ಪತ್ರೆಗೆ ಸೇರಿಸಿ, ಜೀವಕ್ಕೆ ಭಯವಿಲ್ಲ ಎಂದು ಕೇಳಿಸಿಕೊಂಡ ಮೇಲೆ, ಮಹಾನಂದಾ ಕಂಬಗಳ ಕಿವಿ ಮುಚ್ಚಿಸಿದಳು. ಉಳಿದ ತಂಪನ್ನು ಉಷ್ಣಮಾಪಕದ ಕೈಗೆ ಕೊಟ್ಟಳು. ಅದು ನೇರ ತಗಡಿನ ಓಣಿಗೆ ಹೋಯಿತು.

ಮರುದಿನ ಗುರಬಾಯಿ ಶಾಲು ಮಡಚಿಟ್ಟು ಬೀಸಣಿಗೆ ಹಿಡಿದರು. ಮಹಾನಂದಾಳ ಕಚೇರಿಗೆ ದೂರಿನ ಮೇಲೆ ದೂರು: ವಕೀಲರು, ವ್ಯಾಪಾರಸ್ಥರು, ಪತ್ರಿಕೆಯವರು, ಮಾತು ಬಲ್ಲವರೆಲ್ಲ. ಮಿಲ್ಲಿನ ಹಿಂದಿನಿಂದ ಮಾತ್ರ ಯಾರದೂ ಬರಲಿಲ್ಲ. ಮೊದಲೂ ಬಂದಿರಲಿಲ್ಲ, ಕಂಬಗಳೇ ಇಲ್ಲದ ನಮ್ಮ ನಿಮ್ಮ ಕಾಲದಲ್ಲೂ ಬಂದದ್ದಿಲ್ಲ.