ಹಿಂಗಾಲಿಯ ಹಿತ್ತಾಳೆ ಮುಚ್ಚಳ

ಬೆಳಗಿನ ಪೇಪರು ಕೈಯಲ್ಲಿದ್ದರೆ, ಮನೆಗೆ ಬೆಂಕಿ ಬಿದ್ದರೂ ಅತ್ತಿಗೆ ಕೊನೆಯ ಪುಟ ಮುಗಿಸಿಯೇ ಏಳುವವರು ಎಂದು ನಾದಿನಿ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಆದರೆ ಆ ದಿನ ಅತ್ತಿಗೆ ಪೇಪರನ್ನು ಅರ್ಧಕ್ಕೇ ಮಡಿಸಿಟ್ಟರು. ಬಾಗಿಲಲ್ಲಿ ಬೈಕ್ ಸಾಮಾನಿನ ಅಂಗಡಿಯಾಕೆ ನಿಂತಿದ್ದಳು. ಗಿರಾಕಿ ಎಂಥ ಜಗಳಗಂಟನಾದರೂ ನಗುನಗುತ್ತಲೇ ತಲೆಗೊಂದು ಹೆಲ್ಮೆಟ್ ಕೂರಿಸಿ ಕಳಿಸುವ ಗಟ್ಟಿಗಿತ್ತಿ ಆಕೆ. ಅಂದು ಮಾತ್ರ ಚಪ್ಪಲಿ ಬಿಡುವುದನ್ನೂ ಮರೆತು ಒಳಬಂದು ಕುರ್ಚಿಯಲ್ಲಿ ಕುಸಿದಳು.

ಅತ್ತಿಗೆ ವಿಮಾ ಕಂಪನಿಯೊಂದರಲ್ಲಿ ಅಪಘಾತದ ಗಾಡಿಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ತಗ್ಗಿದ ತಗಡು ನೋಡಿ, ಗುದ್ದಿದ್ದು ಮರವೋ ಎಮ್ಮೆಯೋ ಎಂದು ಹೇಳುತ್ತಿದ್ದವರು. ಈಗ ಊರವರು ಬಿಡಿಸಲಾಗದ ಗಂಟುಗಳನ್ನೆಲ್ಲ ಅವರ ಬಳಿಗೇ ತರುತ್ತಿದ್ದರು. ತಮಾಷೆಯೆಂದರೆ, ಇಷ್ಟೊಂದು ಗಾಡಿಗಳ ಜಾತಕ ಬರೆದ ಈ ಮಹಾತಾಯಿಗೆ ಸೈಕಲ್ ಹೊಡೆಯಲೂ ಬರುತ್ತಿರಲಿಲ್ಲ. ಹಾಗಾಗಿ ಎಲ್ಲಿಗೆ ಹೊರಟರೂ ನಾದಿನಿಯ ಸ್ಕೂಟರೇ ಗತಿ. ಗಂಡನ ತಂಗಿಯೆಂಬ ಸಲುಗೆಯಿಂದ ನಾದಿನಿಯೂ ದಾರಿಯುದ್ದಕ್ಕೂ ಅವರನ್ನು ರೇಗಿಸುತ್ತಿದ್ದಳು. ಅತ್ತಿಗೆಯ ಬುದ್ಧಿಯ ಬಗ್ಗೆ ಅವಳಿಗೆ ಎದೆ ತುಂಬ ಹೆಮ್ಮೆಯಿತ್ತು, ಬಾಯಲ್ಲಿ ಮಾತ್ರ ಹೇಳುತ್ತಿರಲಿಲ್ಲ.

ಅಂಗಡಿಯಾಕೆ ಹೇಳಿದ ಕತೆ ಹೀಗಿತ್ತು. ಊರಿನಲ್ಲಿ ನಾಲ್ವರು ಸವಾರರ ಒಂದು ಗುಂಪು. ಅವರಲ್ಲಿ ಹಿರಿಯರನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ಸೈನ್ಯದ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ, ಗುಂಪೇ ಪ್ರೀತಿಯಿಂದ ಇಟ್ಟ ಹೆಸರು ಅದು. ಉಳಿದವರು ಹಲ್ಲಿನ ಡಾಕ್ಟರು, ಡ್ರಾಯಿಂಗ್ ಮೇಷ್ಟ್ರು ಮತ್ತು ಕ್ಯಾಪ್ಟನ್ನರ ಹೆಂಡತಿಯ ತಮ್ಮ. ಈ ಭಾವಮೈದುನನದು ಕನ್ನಡಕದ ಅಂಗಡಿ. ಮುಂದಿನ ತಿಂಗಳು ನಾಲ್ವರೂ ಎತ್ತರದ ಬೆಟ್ಟಗಳ ಕಡೆ ದೂರದ ಸವಾರಿ ಹೊರಡುವವರಿದ್ದರು. ಅದಕ್ಕೆ ಮೊದಲು ಒಂದು ಅಭ್ಯಾಸದ ಸವಾರಿ. ಅದರಲ್ಲಿ ಗಾಡಿ ಕೈಕೊಟ್ಟರೆ ತನ್ನ ಪೆಟ್ಟಿಗೆಯ ಸಾಮಾನಿನಿಂದಲೇ ಎಬ್ಬಿಸಬೇಕು. ಇನ್ನೊಬ್ಬರ ಪಂಪಿಗೋ ಪಾನಾಕ್ಕೋ ಕೈ ಚಾಚಿದವನಿಗೆ ದೂರದ ಸವಾರಿ ಇಲ್ಲ. ಈ ಕಟ್ಟುಪಾಡು ಮಾಡಿದವರು ಕ್ಯಾಪ್ಟನ್ನೇ. ಅದನ್ನು ಒಮ್ಮೆಯೂ ಸಡಿಲಿಸಿದ್ದಿಲ್ಲ.

ಸವಾರಿಯ ದಿನ ಮಧ್ಯಾಹ್ನ ಅಂಗಡಿಯಾಕೆ ನಾಲ್ಕೂ ಗಾಡಿಗಳಿಗೆ ಹೊಸ ಟೂಲ್ ಬಾಕ್ಸ್ ಕೂರಿಸಿದ್ದಳು. ಅವರವರ ಪಾನಾ, ಗಾಳಿ ಪಂಪು, ಪಂಕ್ಚರ್ ಸಾಮಾನುಗಳನ್ನು ಎಲ್ಲರೆದುರೇ ಸುತ್ತಿಟ್ಟು, ಬೀಗ ಹಾಕಿ ಕೀಲಿ ಕೊಟ್ಟಿದ್ದಳು. ಬೆಟ್ಟದ ಬುಡದ ಚಹಾ ಅಂಗಡಿಯಲ್ಲಿ ಒಮ್ಮೆ ನಿಂತು ನಾಲ್ವರೂ ಮೇಲೆ ಹತ್ತಿದರು. ಕ್ಯಾಪ್ಟನ್ ಯಾವತ್ತೂ ಕೊನೆಯಲ್ಲಿ ಬರುವವರು, ಉಳಿದ ಮೂವರೂ ಬಹಳ ಮುಂದೆ ಹೋಗಿಬಿಟ್ಟಿದ್ದರು. ನೆತ್ತಿಯ ಹತ್ತಿರ ಅವರ ಹಿಂದಿನ ಚಕ್ರದ ಗಾಳಿ ಪೂರ್ತಿ ಇಳಿಯಿತು. ಪೆಟ್ಟಿಗೆ ತೆಗೆದರೆ ಒಳಗೆ ಹಳೆಯ ಟವೆಲಿನಲ್ಲಿ ಸುತ್ತಿದ ಬೆಣಚುಕಲ್ಲುಗಳು. ಫೋನು ಸತ್ತಿತ್ತು, ಮಂಜು ಕವಿಯುತ್ತಿತ್ತು. ಸಹಾಯ ಹುಡುಕಿಕೊಂಡು ನಡೆದವರು ರಸ್ತೆಯಂಚು ತಪ್ಪಿ ಮೋರಿಗೆ ಬಿದ್ದು ಕಾಲು ಮುರಿದುಕೊಂಡರು. ಲಾರಿಯವನೊಬ್ಬ ನೋಡಿದ್ದರಿಂದ ಜೀವ ಉಳಿಯಿತು.

ಮರುದಿನ ಕ್ಯಾಪ್ಟನ್ನರ ಹೆಂಡತಿ ಬೀದಿಯಲ್ಲಿ ನಿಂತು, ಟೂಲ್ಸ್ ಇಡುವ ಕಡೆ ಕಸ ತುಂಬಿ ನನ್ನ ಗಂಡನನ್ನು ಕೊಲ್ಲಹೊರಟಳು ಎಂದು ಅಂಗಡಿಯಾಕೆಯ ಮಾನ ಹರಾಜು ಹಾಕಿದ್ದರು. ಅಂದಿನಿಂದ ಅಂಗಡಿಗೆ ಒಂದು ನರಪಿಳ್ಳೆಯೂ ಕಾಲಿಟ್ಟಿರಲಿಲ್ಲ.

"ಅಂಗಡಿ ಮುಚ್ಚಿದ್ರೂ ಚಿಂತೆ ಇಲ್ಲ ಅಂತ ಸುಳ್ಳು ಹೇಳಲ್ಲ ಅಕ್ಕಾ, ಅದೇ ನನ್ನ ಅನ್ನ," ಎಂದಳು ಆಕೆ. "ಆದ್ರೆ ನಾನು ಕಟ್ಟಿಕೊಟ್ಟಿದ್ದನ್ನ ನಂಬಿ ಹೋದೋರು ದಾರೀಲಿ ಬಿದ್ರು ಅಂತಾರಲ್ಲ, ಅದು ಗಂಟಲಲ್ಲಿ ಅನ್ನ ಇಳಿಯೋಕೆ ಬಿಡ್ತಿಲ್ಲ. ಇದೇ ಕೈಯಲ್ಲಿ ಸುತ್ತಿಟ್ಟಿದ್ದೆ."

ಅತ್ತಿಗೆ ನಾದಿನಿಯ ಕಡೆ ನೋಡಿದರು. ನಾದಿನಿ ಆಗಲೇ ಸ್ಕೂಟರಿನ ಕೀಲಿ ಹುಡುಕುತ್ತಿದ್ದಳು.

ಕ್ಯಾಪ್ಟನ್ನರ ಮನೆ ಅಂಗಡಿಯ ಎದುರು ಸಾಲಿನಲ್ಲೇ ಇತ್ತು. ನಡುಹಗಲಿನಲ್ಲೂ ಕೋಣೆಯ ದೀಪಗಳೆಲ್ಲ ಉರಿಯುತ್ತಿದ್ದವು. ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಕ್ಯಾಪ್ಟನ್ ಅತ್ತಿಗೆಯನ್ನು ಆದರದಿಂದ ಮಾತಾಡಿಸಿದರು. ಮಂಚದ ಪಕ್ಕದಲ್ಲೇ ನಿಂತಿದ್ದ ನಾದಿನಿಯನ್ನು ಮಾತ್ರ ಅವಳಾಗಿ ಬಾಯಿ ಬಿಡುವವರೆಗೂ ಗಮನಿಸಲಿಲ್ಲ. ಎಂಥ ಜಂಬ ಈ ಮನುಷ್ಯನಿಗೆ ಎಂದುಕೊಂಡಳು ನಾದಿನಿ. ಯಾರ ಮೇಲೆ ಅನುಮಾನ ಎಂದು ಕೇಳಿದ್ದಕ್ಕೆ ಅವರು, ಆದದ್ದು ಆಗಿಹೋಯಿತು ಬಿಡಿ ಎಂದು ಗೋಡೆಯ ಕಡೆ ತಿರುಗಿದರು. ಹೆಂಡತಿ ಮಾತ್ರ ಬಿಡುವವರಲ್ಲ. ಪೆಟ್ಟಿಗೆ, ಟವೆಲು, ಕಲ್ಲುಗಳನ್ನೆಲ್ಲ ಸಾಕ್ಷಿಗೆಂದು ಜೋಪಾನವಾಗಿ ಇಟ್ಟಿದ್ದರು. ಲಾರಿಯಿಂದ ಇಳಿಸಿದ ಗಾಡಿಯನ್ನೂ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ಅತ್ತಿಗೆ ಕಲ್ಲೊಂದನ್ನು ಅಂಗೈಯಲ್ಲಿ ಹೊರಳಿಸಿದರು. ಬೆಳ್ಳಗಿದ್ದ, ನುಣುಪಾದ ಚಪ್ಪಟೆ ಕಲ್ಲು. ಆಮೇಲೆ ನಾದಿನಿಗೆ ಹಿಂದಿನ ಚಕ್ರಕ್ಕೆ ಗಾಳಿ ಹೊಡೆಯಲು ಹೇಳಿದರು. ನಾದಿನಿ ಗೊಣಗುತ್ತಲೇ ಪಂಪು ಒತ್ತಿ, ಟೈರಿಗೆಲ್ಲ ಸೋಪಿನ ನೀರು ಬಳಿದಳು. ಎಲ್ಲೂ ಒಂದು ಗುಳ್ಳೆ ಏಳಲಿಲ್ಲ. ಪಂಕ್ಚರೇ ಆಗಿರಲಿಲ್ಲ. ಆದರೆ ಗಾಳಿ ತುಂಬುವ ವಾಲ್ವಿನ ಬಾಯಿಗೆ ನೀರು ಹಚ್ಚಿದ ಕೂಡಲೇ ಬುಳುಬುಳು ಗುಳ್ಳೆಗಳೆದ್ದವು. ಅದರ ಒಳಗಿನ ಪಿನ್ನನ್ನು ಯಾರೋ ತುಸು ಸಡಿಲಿಸಿದ್ದರು.

"ಈಗ ಮುಚ್ಚಳ ಹಾಕು," ಎಂದರು ಅತ್ತಿಗೆ.

ತೆಗೆದಿಟ್ಟಿದ್ದ ಹಿತ್ತಾಳೆಯ ಪುಟ್ಟ ಮುಚ್ಚಳವನ್ನು ನಾದಿನಿ ತಿರುಗಿಸಿ ಬಿಗಿದಳು. ಅದರೊಳಗೊಂದು ರಬ್ಬರಿನ ಬಿಲ್ಲೆಯಿತ್ತು. ಗುಳ್ಳೆಗಳು ನಿಂತೇಹೋದವು, ಬಹಳ ಹೊತ್ತು ಕಾದರೆ ಸಾಸಿವೆಯಷ್ಟು ಒಂದು ಏಳುತ್ತಿತ್ತು. ಅತ್ತಿಗೆ ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು. ಅಲ್ಲಿದ್ದದ್ದು ಕರಿಯ ಪ್ಲಾಸ್ಟಿಕ್ ಮುಚ್ಚಳ. ಅವರು ಅದನ್ನೇ ನೋಡುತ್ತ ಕೂತಿದ್ದು ನೋಡಿ, ಮಂಡಿ ಹಿಡಿದುಕೊಂಡಿದೆಯೇನೋ ಎಂದು ನಾದಿನಿ ಕೈ ಕೊಟ್ಟು ಎಬ್ಬಿಸಿದಳು.

ಅಲ್ಲಿಂದ ಅಂಗಡಿಗೆ ಬಂದರು. ಅತ್ತಿಗೆ ಮಾತಾಡುತ್ತಿದ್ದಾಗ ಕೈ ಸುಮ್ಮನಿರದ ನಾದಿನಿ ಕ್ಯಾಪ್ಟನ್ನರ ಮನೆಯಿಂದ ತಂದಿದ್ದ ಕೀಲಿಯನ್ನು ಮಾರಾಟಕ್ಕಿಟ್ಟಿದ್ದ ಪೆಟ್ಟಿಗೆಯೊಂದಕ್ಕೆ ತೂರಿಸಿ ತಿರುಗಿಸಿದಳು. ಕಟಕ್ಕನೆ ತೆರೆಯಿತು. ಪಕ್ಕದ್ದೂ ತೆರೆಯಿತು. ಅಂಗಡಿಯಾಕೆಯ ಮುಖ ಬಿಳಿಚಿಕೊಂಡಿತು. ಒಟ್ಟಿಗೆ ತರಿಸಿದ ಅಷ್ಟೂ ಪೆಟ್ಟಿಗೆಗಳಿಗೆ ಒಂದೇ ಕೀಲಿ ಎನ್ನುವುದು ಆಕೆಗೂ ಗೊತ್ತಿರಲಿಲ್ಲ. ಎಲ್ಲ ಬೀಗಗಳನ್ನೂ ಬದಲಿಸಿಕೊಡುತ್ತೇನೆ, ಆ ತಪ್ಪು ನನ್ನದೇ ಎಂದು ತಾನಾಗಿ ಒಪ್ಪಿಕೊಂಡಳು.

ಅತ್ತಿಗೆಗೆ ಚಹಾ ಕುಡಿಯುವ ಆಸೆಯಾಯಿತು, ಅದೂ ಬೆಟ್ಟದ ಬುಡದಲ್ಲೇ. ಚಹಾದವನ ನಲ್ಲಿಯ ಪಕ್ಕ, ಹೂಕುಂಡಗಳ ಸುತ್ತ ಬಿಳಿಯ ಚಪ್ಪಟೆ ಕಲ್ಲುಗಳನ್ನು ಹಾಸಿದ್ದರು. ಜೇಬಿನಲ್ಲಿದ್ದ ಕಲ್ಲನ್ನು ಅತ್ತಿಗೆ ಅವುಗಳ ನಡುವೆ ಇಟ್ಟರೆ ನಾದಿನಿಗೆ ಮತ್ತೆ ಹುಡುಕಿ ತೆಗೆಯಲಾಗಲಿಲ್ಲ. ಅಂದು ಕ್ಯಾಪ್ಟನ್ ಗಾಡಿಗಳಿಗೆ ಬೆನ್ನು ಹಾಕಿ ಬೆಂಚಿನಲ್ಲಿ ಕೂತೇ ಇದ್ದರೆಂದೂ, ಉಳಿದ ಮೂವರೂ ಫೋನು, ಚಿತ್ರ, ಕೈತೊಳೆಯುವುದು ಎಂದು ಎದ್ದೆದ್ದು ಹೋಗಿದ್ದರೆಂದೂ ಚಹಾದವನು ಹೇಳಿದ.

ಮರಳುವಾಗ ಮೂವರ ಗಾಡಿಗಳನ್ನೂ ನೋಡಿದರು. ಹಲ್ಲಿನ ಡಾಕ್ಟರ ಗಾಡಿ ಮದುವಣಗಿತ್ತಿಯಂತೆ ಮಿರುಗುತ್ತಿತ್ತು. ಚಕ್ರಗಳೆರಡಕ್ಕೂ ಪ್ಲಾಸ್ಟಿಕ್ ಮುಚ್ಚಳ, ಟೂಲ್ಸ್ ಇನ್ನೂ ಕಂಪನಿಯ ಕವರಿನಲ್ಲೇ ಇದ್ದವು. ಕ್ಯಾಪ್ಟನ್ ಬಾರದಿದ್ದರೆ ಗುಂಪಿಗೆ ತಾನೇ ಮುಂದಾಳು ಎಂದು ಅವರೇ ಬಾಯಿ ಬಿಟ್ಟು ಹೇಳಿದರು. ಮೇಷ್ಟ್ರ ಗಾಡಿಯ ಎರಡೂ ವಾಲ್ವುಗಳು ಬೋಳು. ಮುಚ್ಚಳ ಎಲ್ಲಿ ಎಂದರೆ, ಅದಕ್ಕೂ ಮುಚ್ಚಳ ಇರುತ್ತದೆಯೇ ಎಂದು ನಕ್ಕರು. ಭಾವಮೈದುನನ ಗಾಡಿಯ ಎರಡಕ್ಕೂ ಹಿತ್ತಾಳೆಯ ಮುಚ್ಚಳಗಳಿದ್ದವು. ಮುಂದಿನದು ಮಾಸಿತ್ತು. ಹಿಂದಿನದು ಥಳಥಳ ಹೊಳೆಯುತ್ತಿತ್ತು.

ದಾರಿಯಲ್ಲಿ ನಾದಿನಿ, ಡಾಕ್ಟರೇ ಕಳ್ಳ, ಅನುಮಾನವೇ ಬೇಡ ಎಂದಳು. ಅತ್ತಿಗೆ ರಸ್ತೆ ನೋಡಿ ಓಡಿಸು ಎಂದಷ್ಟೇ ಹೇಳಿದರು.

ಮರುದಿನ ಸಂಜೆ ಕ್ಯಾಪ್ಟನ್ನರ ಮಂಚದ ಸುತ್ತ ಎಲ್ಲರೂ ಸೇರಿದರು. ಅಂಗಡಿಯಾಕೆ ಬಾಗಿಲ ಬಳಿಯೇ ನಿಂತಿದ್ದಳು, ಯಾರೂ ಅವಳಿಗೆ ಕೂರಲು ಹೇಳಿರಲಿಲ್ಲ. ಅತ್ತಿಗೆ ಎದ್ದು ತಮ್ಮ ಕುರ್ಚಿಯನ್ನು ಅವಳಿಗೆ ಕೊಟ್ಟು, ನಿಂತೇ ಮಾತು ಶುರು ಮಾಡಿದರು.

ಕಲ್ಲುಗಳು ಚಹಾ ಅಂಗಡಿಯ ಅಂಗಳದವು, ಅಂದಮೇಲೆ ಪೆಟ್ಟಿಗೆಗೆ ಕೈ ಹಾಕಿದ್ದು ಅಲ್ಲಿ. ಆ ಹೊತ್ತಿನಲ್ಲಿ ಅಂಗಡಿಯಾಕೆ ಊರಲ್ಲಿದ್ದಳು. ಮೂವರಲ್ಲಿ ಯಾರ ಕೀಲಿಯಾದರೂ ಆ ಪೆಟ್ಟಿಗೆಯನ್ನು ತೆರೆಯುತ್ತಿತ್ತು. ಕಳ್ಳ ಅದನ್ನು ಹೇಗೋ ಕಂಡುಕೊಂಡಿದ್ದ. ಟೂಲ್ಸ್ ತೆಗೆದು, ತೂಕಕ್ಕೆ ಕಲ್ಲಿಟ್ಟು, ಸದ್ದಾಗದಂತೆ ಟವೆಲು ಸುತ್ತಿ, ಚಕ್ರದ ಪಿನ್ನು ಸಡಿಲಿಸಿದ. ಇಷ್ಟರವರೆಗೆ ಎಲ್ಲರೂ ತಲೆಯಾಡಿಸಿದರು.

"ಇಷ್ಟೆಲ್ಲ ಮಾಡಿದೋನಿಗೆ ಕ್ಯಾಪ್ಟನ್ನರನ್ನ ಬೀಳಿಸೋ ಮನಸ್ಸಿರಲಿಲ್ಲ," ಎಂದರು ಅತ್ತಿಗೆ. "ಗಾಳಿ ಅಲ್ಲೇ, ಚಹಾ ಕುಡಿಯೋ ಹೊತ್ತಲ್ಲೇ ಇಳಿದುಹೋಗಲಿ, ಜನರ ಮಧ್ಯೆ ಗಾಡಿ ನಿಲ್ಲಲಿ, ಇನ್ನೊಬ್ರ ಪಂಪು ಕೇಳೋ ಹಾಗಾಗಲಿ. ದೂರದ ಸವಾರಿ ತಪ್ಪಿದ್ರೆ ಸಾಕು ಅನ್ನೋದಷ್ಟೇ ಅವನ ಲೆಕ್ಕ. ಆದ್ರೆ ಪ್ಲಾಸ್ಟಿಕ್ ಮುಚ್ಚಳ ಕೈ ಜಾರಿ ಕಲ್ಲುಗಳ ಸಂದಿಗೆ ಬಿದ್ದು ಸಿಗಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಹಾಗೇ ಎದ್ದು ಹೋಗ್ತಿದ್ರು. ಇವನಿಗೆ ಆಗಲಿಲ್ಲ. ವಾಲ್ವಿಗೆ ಧೂಳು ಹೋಗ್ಬಾರದು ಅನ್ನೋದು ಒಳ್ಳೇ ಸವಾರನ ರಕ್ತದಲ್ಲೇ ಇರುತ್ತೆ. ತನ್ನ ಗಾಡೀದೇ ಒಂದು ಬಿಚ್ಚಿ ಹಾಕಿದ."

ಆ ಹಿತ್ತಾಳೆ ಮುಚ್ಚಳದ ರಬ್ಬರು ಗಾಳಿಯನ್ನು ಹಿಡಿದಿಟ್ಟಿತು. ಇಳಿಯಬೇಕಾದ ಕಡೆ ಇಳಿಯದೆ, ಸ್ವಲ್ಪ ಸ್ವಲ್ಪವೇ ಸೋರಿ, ನೆತ್ತಿಯಲ್ಲಿ, ಮಂಜಿನಲ್ಲಿ, ಒಬ್ಬರೇ ಇದ್ದಾಗ ಕೈಕೊಟ್ಟಿತು. ಮೇಷ್ಟ್ರು ತಮ್ಮ ವಾಲ್ವಿಗೇ ಮುಚ್ಚಳ ಹಾಕದವರು, ಇನ್ನೊಬ್ಬರದಕ್ಕೆ ಹಾಕಿಯಾರೇ? ಡಾಕ್ಟರ ಬಳಿ ಹಿತ್ತಾಳೆಯದು ಇರಲೇ ಇಲ್ಲ, ಪಿನ್ನು ಸಡಿಲಿಸುವ ಸಾಮಾನಿನ ಕವರೂ ಒಡೆದಿರಲಿಲ್ಲ. ಉಳಿದವನ ಗಾಡಿಯಲ್ಲಿ ಮಾತ್ರ ಒಂದು ಹಳೆಯದು, ಬಿಚ್ಚಿದ್ದರ ಜಾಗದಲ್ಲಿ ಒಂದು ಹೊಚ್ಚಹೊಸದು.

ಎಲ್ಲರ ಕಣ್ಣೂ ಭಾವಮೈದುನನ ಕಡೆ ತಿರುಗಿತು. ಅವನು ವಾದಿಸಲಿಲ್ಲ. ಚೀಲದಿಂದ ಟೂಲ್ಸಿನ ಸುರುಳಿ ತೆಗೆದು ಮಂಚದ ಮೇಲಿಟ್ಟ. ದಿನಾ ತರುತ್ತಿದ್ದನಂತೆ, ದಿನಾ ಕೊಡದೆ ವಾಪಸು ಒಯ್ಯುತ್ತಿದ್ದನಂತೆ.

"ನಿನ್ನ ಭಾವನ ಮೇಲೆ ಹೊಟ್ಟೆಕಿಚ್ಚೇನೋ ನಿಂಗೆ?" ಎಂದು ಅಕ್ಕ ಕೇಳುವಷ್ಟರಲ್ಲಿ ಅವರ ದನಿ ಒಡೆದಿತ್ತು. ಅವನು ಭಾವನ ಮುಖವನ್ನೇ ನೋಡುತ್ತ ನಿಂತ.

ಆಗ ನಾದಿನಿಗೆ ನಡುಹಗಲಿನ ದೀಪಗಳು ಅರ್ಥವಾದವು. ಪಕ್ಕದಲ್ಲೇ ನಿಂತ ತನ್ನನ್ನು ಆ ಮನುಷ್ಯ ಯಾಕೆ ನೋಡಲಿಲ್ಲ ಎನ್ನುವುದೂ ಅರ್ಥವಾಯಿತು. ಜಂಬ ಎಂದುಕೊಂಡಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ನೀವೇ ಹೇಳಿದ್ರೆ ಒಳ್ಳೇದು," ಎಂದು ಅತ್ತಿಗೆ ಕ್ಯಾಪ್ಟನ್ನರಿಗೆ ಮೆಲ್ಲಗೆ ಹೇಳಿದರು. "ಕಣ್ಣಿನ ವಿಷಯ ಆ ಹುಡುಗನಿಗೆ ಮಾತ್ರ ಗೊತ್ತಿತ್ತು, ಅಲ್ವಾ?"

ಕ್ಯಾಪ್ಟನ್ ಹೆಂಡತಿಯ ಕಡೆ ನೋಡದೆ ಒಂದೊಂದೇ ಹೇಳಿದರು. ಮಬ್ಬುಗತ್ತಲಾದರೆ ಏನೂ ಕಾಣುತ್ತಿರಲಿಲ್ಲ. ಎದುರಿನದು ಬಿಟ್ಟು ಅಕ್ಕಪಕ್ಕದ್ದು ತಿಳಿಯುತ್ತಿರಲಿಲ್ಲ. ಕಣ್ಣು ಪರೀಕ್ಷಿಸಿದ ಭಾವಮೈದುನ ದೊಡ್ಡ ಡಾಕ್ಟರ ಬಳಿ ಹೋಗೋಣ, ಗಾಡಿ ಬಿಡಿ ಎಂದು ಕಾಲು ಹಿಡಿದಿದ್ದ. ಅಕ್ಕನಿಗೆ ಹೇಳಿದರೆ ನಿನ್ನ ಮುಖ ನೋಡುವುದಿಲ್ಲ ಎಂದು ತಾವೇ ಅವನಿಂದ ಮಾತು ತೆಗೆದುಕೊಂಡಿದ್ದರು.

"ಬೆಟ್ಟದ ರಸ್ತೇಲಿ ಬೀಳೋದು ಬೇಡ ಅಂತ ಮಾಡ್ದೆ ಭಾವ," ಎಂದ ಅವನು. "ಬೀಳಿಸಿದೋನೂ ನಾನೇ ಆದೆ."

ಹೆಂಡತಿ ಗಂಡನ ಮೇಲೆ ಕೂಗಾಡುತ್ತಾರೆಂದು ನಾದಿನಿ ಕಾದಳು. ಅವರು ಕೂಗಾಡಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಂಗಡಿಯಾಕೆಯ ಎದುರು ಹೋಗಿ ಕೈಮುಗಿದು, ತಪ್ಪಾಯಿತು ಎಂದರು.

ಅಂಗಡಿಯಾಕೆ ಎದ್ದು ನಿಂತಳು. "ನೀವು ಕೈಮುಗಿದಿದ್ದನ್ನ ಒಪ್ಪಿಕೊಳ್ಳೋಕೆ ನಂಗೆ ಮನಸ್ಸಿದೆ ಅಮ್ಮ. ಆದ್ರೆ ಇಲ್ಲಿ ನಾಲ್ಕು ಗೋಡೆ ಮಧ್ಯೆ ಸಾಕಾಗಲ್ಲ. ನನ್ನನ್ನ ಬೈದಿದ್ದು ಬೀದೀಲಿ."

ಹೆಂಡತಿ ಒಂದು ಕ್ಷಣ ನೆಲ ನೋಡಿದರು. ಆಮೇಲೆ ತಮ್ಮನ ತೋಳು ಹಿಡಿದು, ಬಾರೋ ಎಂದು ಎಳೆದುಕೊಂಡೇ ಹೊರಟರು. ಅಂಗಡಿಯಾಕೆಯೂ, ಡಾಕ್ಟರೂ, ಮೇಷ್ಟ್ರೂ ಹಿಂದೆಯೇ ಇಳಿದರು. ಅತ್ತಿಗೆ ಬಾಗಿಲ ತನಕ ಹೋಗಿ ಅಲ್ಲೇ ನಿಂತರು.

ಕೋಣೆಯಲ್ಲಿ ಕ್ಯಾಪ್ಟನ್ನೂ ನಾದಿನಿಯೂ ಉಳಿದರು. ಕಿಟಕಿಯಾಚೆ ಸಂಜೆ ಇಳಿಯುತ್ತಿತ್ತು, ಬೀದಿಯಲ್ಲಿ ಕೆಲಸ ಬಿಟ್ಟ ಜನ ತುಂಬಿದ್ದರು. ಕ್ಯಾಪ್ಟನ್ ದಿಂಬಿಗೆ ಮೊಣಕೈ ಊರಿ ಕಿಟಕಿಯ ಕಡೆ ಕತ್ತು ಚಾಚಿದರು. ಹಾಗೇ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು.

"ನಂಗೆ ಕಾಣ್ತಿಲ್ಲಮ್ಮ," ಎಂದರು ಕೊನೆಗೆ. "ಏನ್ ಮಾಡ್ತಿದಾರೆ, ಹೇಳ್ತೀಯಾ?"

ನಾದಿನಿ ಕಿಟಕಿಯ ಹತ್ತಿರ ಹೋದಳು. ಜನ ನಿಂತಿದ್ದಾರೆ, ನಿಮ್ಮ ಮನೆಯವರು ಅಂಗಡಿಯ ಮೆಟ್ಟಿಲು ಹತ್ತಿದರು, ನಿಮ್ಮ ಭಾವಮೈದುನ ಮಾತಾಡುತ್ತಿದ್ದಾನೆ, ತಲೆ ತಗ್ಗಿಸಿಲ್ಲ ಎಂದು ಕಂಡಿದ್ದನ್ನೆಲ್ಲ ಹೇಳುತ್ತ ಹೋದಳು.

"ಮತ್ತೆ ಅವಳು?"

"ಅಂಗಡಿಯಾಕೆ ಅಳ್ತಿದಾರೆ," ಎಂದಳು ನಾದಿನಿ. "ನಿಮ್ಮ ಮನೆಯವರು ಅವರ ಕೈ ಹಿಡ್ಕೊಂಡಿದಾರೆ. ಬಿಟ್ಟಿಲ್ಲ."