ಮೂರನೇ ಸಾಲಿನ ಪೆಟ್ಟು

ಬ್ಯಾಂಡ್ ಬಿಟ್ಟು ಬರುವಾಗ ಹಾಡುಗಾರ ಗುಡುಗು ಒಂದು ಮಾತು ಹೇಳಿ ಬಂದಿದ್ದ. ಟ್ಯೂನು ಯಾರು ಬೇಕಾದರೂ ಹಾಕುತ್ತಾರೆ, ಜನ ಬರುವುದು ಗಂಟಲಿಗೆ. ಆ ಮಾತು ಪತ್ರಿಕೆಯಲ್ಲೂ ಬಂತು. ಆಮೇಲೆ ಅವನೊಬ್ಬನ ಹೆಸರಿನಲ್ಲೇ ಎರಡು ಆಲ್ಬಂ ಬಂದವು. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ವೇದಿಕೆ ಹತ್ತಿದರೆ ಜನ ಬ್ಯಾಂಡಿನ ಹಳೇ ಹಾಡುಗಳನ್ನೇ ಹಾಡು ಅನ್ನುತ್ತಿದ್ದರು. ಅವೆಲ್ಲ ಗಿಟಾರಿನವನ ಟ್ಯೂನುಗಳು. ಗಿಟಾರಿನವನು ಬೇರೆ ಯಾರೂ ಅಲ್ಲ, ಗುಡುಗಿನ ಸ್ವಂತ ಭಾವ, ಅಕ್ಕನ ಗಂಡ. ಹಳೇ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುವುದು ಅವನ ಕಸುಬು. ಮೂರನೇ ಆಲ್ಬಮ್ಮೂ ಮಕಾಡೆ ಮಲಗಿದರೆ ಕಂಪನಿಯವರು ಕೈ ತೊಳೆದುಕೊಳ್ಳುತ್ತಾರೆ, ಗುಡುಗು ತಲೆ ತಗ್ಗಿಸಿಕೊಂಡು ಭಾವನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕಿಂತ ಕಳ್ಳತನವೇ ಮರ್ಯಾದಸ್ಥರ ಕೆಲಸ ಎಂದು ಅವನಿಗೆ ಅನ್ನಿಸಿತು.

ಮಾಲು ಎಲ್ಲಿದೆ ಎಂದು ಬಾಯಿ ಬಿಟ್ಟವಳು ಅಕ್ಕನೇ. ಭಾವ ಹೊಸದೊಂದು ಟ್ಯೂನು ಹಾಕಿ, ಹಳೇ ಕಾಲದ ದೊಡ್ಡ ಟೇಪಿನಲ್ಲಿ ರೆಕಾರ್ಡ್ ಮಾಡಿ, ಬಿಸ್ಕತ್ತಿನ ಡಬ್ಬದಲ್ಲಿ ಮುಚ್ಚಿಟ್ಟಿದ್ದಾನಂತೆ.

"ಯಾರಿಗೂ ಕೇಳಿಸಿಲ್ಲ ಕಣೋ, ನನಗೂ ಇಲ್ಲ," ಎಂದಳು ಅಕ್ಕ ಫೋನಿನಲ್ಲಿ. "ರೆಕಾರ್ಡ್ ಮಾಡುವಾಗ ನಾನು ಪಕ್ಕದ ಕೋಣೇಲಿ ಉಸಿರಾಡಿದ್ರೂ ಬೈತಾರೆ."

ಯಾರೂ ಕೇಳಿಲ್ಲ ಅಂದಮೇಲೆ ಸಾಕ್ಷಿಯೂ ಇಲ್ಲ. ಗುಡುಗು ಎರಡು ವಾರ ಲೆಕ್ಕ ಹಾಕಿದ. ಗುರುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಭಾವ ಬಿಡಿಭಾಗ ತರಲು ಹೋಗುತ್ತಾನೆ. ಆ ಹೊತ್ತಿಗೆ ಸರಿಯಾಗಿ ಗುಡುಗು ಅಕ್ಕನ ಮನೆಗೆ ಬಂದ, ಕಾಫಿ ಕುಡಿದ, ತಲೆನೋವು ಎಂದು ಹೇಳಿ ಭಾವನ ಕೆಲಸದ ಕೋಣೆಯಲ್ಲಿ ಮಲಗಿದ. ಬಾಗಿಲು ಹಾಕಿಕೊಂಡು ಕೈಗೆ ಕಾಲುಚೀಲ ಹಾಕಿಕೊಂಡ. ಡಬ್ಬದ ಮೇಲಿನ ಬೆಕ್ಕಿನ ಚಿತ್ರ ಯಾವ ಕಡೆ ಮುಖ ಮಾಡಿದೆ ಎಂದು ಬರೆದಿಟ್ಟುಕೊಂಡ. ಟೇಪನ್ನು ಭಾವನ ಯಂತ್ರಕ್ಕೇ ಸುತ್ತಿ, ಅದಕ್ಕೆ ತನ್ನ ಪುಟ್ಟ ರೆಕಾರ್ಡರಿನ ವೈರು ಚುಚ್ಚಿ, ಸದ್ದಿಲ್ಲದೆ ನಕಲು ಇಳಿಸಿದ. ಹೊರಗೆ ಅಕ್ಕ ಪರದೆ ಕೊಡವುತ್ತಿದ್ದಳು. ದೂಳು ಅವಳಿಗೆ ಆಗದು. ಅವಳು ಸೀನಿದರೆ ಬೀದಿಯ ಕೊನೆಯ ಮನೆಗೂ ಕೇಳಿಸುತ್ತದೆ. ಈಗಲೂ ಸೀನಿದಳು.

"ಮಾತ್ರೆ ತಗೊಂಡ್ಯಾ ಅಕ್ಕ?" ಎಂದ ಗುಡುಗು ಒಳಗಿನಿಂದಲೇ. ಅವನಿಗೆ ಎಂಟು ವರ್ಷವಿದ್ದಾಗಿನಿಂದ ಅವಳ ಪ್ರತಿ ಸೀನಿಗೂ ಬಾಯಿಂದ ತಾನಾಗಿ ಬೀಳುವ ಮಾತು ಅದು. ಕೈ ಡಬ್ಬದಲ್ಲಿದ್ದಾಗಲೂ ದನಿ ನಡುಗಲಿಲ್ಲವಲ್ಲ ಎಂದು ತನ್ನ ಎದೆಗಾರಿಕೆಗೆ ತಾನೇ ತಲೆದೂಗಿದ.

ಮನೆಗೆ ಬಂದು ಕೇಳಿದರೆ ಬರೀ ಗಿಟಾರು. ಟ್ಯೂನು ಮಾತ್ರ ಅಪ್ಪಟ ಬಂಗಾರ. ಮೂರನೇ ಸಾಲಿನಲ್ಲಿ ತಾಳದ ಒಂದು ಪೆಟ್ಟು ಇರಲೇ ಇಲ್ಲ. ಇಳಿಯುವವನಿಗೆ ಒಂದು ಮೆಟ್ಟಿಲು ತಪ್ಪಿದ ಹಾಗೆ ಹಾಡು ಸರಕ್ಕನೆ ಮುಂದಕ್ಕೆ ಬೀಳುತ್ತಿತ್ತು. ಗುಡುಗು ಶ್ರುತಿ ಬದಲಿಸಿದ, ಓಟ ಹೆಚ್ಚಿಸಿದ, ಗಿಟಾರು ತೆಗೆದು ಪಿಯಾನೊ ಹಾಕಿಸಿದ, ಸಮುದ್ರದ ಮೇಲೆ ಸಾಹಿತ್ಯ ಬರೆದ. ಆ ತಪ್ಪಿದ ಪೆಟ್ಟನ್ನು ಮಾತ್ರ ಮುಟ್ಟಲು ಮನಸ್ಸು ಬರಲಿಲ್ಲ. ಕಳ್ಳನಾದರೂ ಅವನು ಕಲಾವಿದ.

ಹಾಡು ಹತ್ತಿಕೊಂಡು ಉರಿಯಿತು. ಕ್ಷೌರದಂಗಡಿ, ಬಸ್ಸು, ಲಿಫ್ಟು, ಎಲ್ಲೆಲ್ಲೂ ಅದೇ. ವಿಮರ್ಶಕರು ಉಳಿದದ್ದನ್ನೆಲ್ಲ ಬಿಟ್ಟು ಆ ಮೂರನೇ ಸಾಲನ್ನೇ ಹಿಡಿದುಕೊಂಡರು. ಒಬ್ಬರು ಅದನ್ನು ಒಂಟಿತನದ ನಿಟ್ಟುಸಿರು ಎಂದರು, ಇನ್ನೊಬ್ಬರು ಶೂನ್ಯ ಎಂದರು. ಗುಡುಗು ಕಣ್ಣು ಮುಚ್ಚಿಕೊಂಡು, ಬ್ಯಾಂಡ್ ಬಿಟ್ಟ ದಿನ ನನ್ನ ಎದೆಯೇ ಒಂದು ಸಲ ಬಡಿಯೋದು ಮರೀತು, ಎನ್ನುವುದನ್ನು ರೂಢಿ ಮಾಡಿಕೊಂಡ. ಹೇಳಿ ಹೇಳಿ ಅವನಿಗೂ ಅದು ನಿಜವೆನಿಸತೊಡಗಿತು.

ಭಾವ ಫೋನ್ ಮಾಡಿದಾಗ ಗುಡುಗು ತಯಾರಾಗಿಯೇ ಇದ್ದ. ಟ್ಯೂನು ನನ್ನದು ಎಂದರೆ, ಯಾವಾಗ ಹಾಕಿದ್ದು, ಕೇಳಿದವರು ಯಾರು ಎಂದು ತಿರುಗಿ ಕೇಳುವುದೆಂದು ಬಾಯಿಪಾಠ ಮಾಡಿಕೊಂಡಿದ್ದ. ಭಾವ ಆ ಮಾತೇ ಎತ್ತಲಿಲ್ಲ.

"ಹಾಡು ಚೆನ್ನಾಗಿದೆ ಕಣಯ್ಯ. ಮೂರನೇ ಸಾಲಲ್ಲಿ ಒಂದು ಪೆಟ್ಟು ಬಿಟ್ಟಿದ್ದೀಯಲ್ಲ, ಅದು ಹೇಗೆ ಹೊಳೀತು?"

"ಅದೆಲ್ಲ ಒಳಗಿಂದ ಬರಬೇಕು ಭಾವ."

"ಹೌದೌದು," ಎಂದ ಭಾವ. "ಒಳಗಿಂದಲೇ ಬರಬೇಕು."

ಗುಡುಗಿಗೆ ಭಾವನ ಮೇಲೆ ಸ್ವಲ್ಪ ಕನಿಕರವೂ ಆಯಿತು. ಅದಕ್ಕೇ, ರೇಡಿಯೊದವರು ನೇರಪ್ರಸಾರಕ್ಕೆ ಕರೆದು ಮನೆಯವರೂ ಬರಲಿ ಎಂದಾಗ, ಅಕ್ಕಭಾವಂದಿರನ್ನು ತಾನೇ ಕರೆದುಕೊಂಡು ಹೋದ. ಭಾವ ಆ ಬಿಸ್ಕತ್ತಿನ ಡಬ್ಬ ಹಿಡಿದು ಬಂದಿದ್ದ.

ನಿರೂಪಕಿ ಮೂರನೇ ಸಾಲಿನ ಬಗ್ಗೆ ಕೇಳಿದಳು. ಗುಡುಗು ಕಣ್ಣು ಮುಚ್ಚಿ ಎದೆಬಡಿತದ ಕತೆ ಹೇಳಿದ. ಆಗ ಭಾವ ನಿರೂಪಕಿಯ ಒಪ್ಪಿಗೆ ಕೇಳಿ, ತಾನೇ ಒಂದು ಸಲ ರಿಪೇರಿ ಮಾಡಿಕೊಟ್ಟಿದ್ದ ಸ್ಟುಡಿಯೊದ ಹಳೇ ಯಂತ್ರಕ್ಕೆ ಡಬ್ಬದ ಟೇಪು ಸುತ್ತಿದ. "ನಾನೂ ಒಂದು ಟ್ಯೂನು ರೆಕಾರ್ಡ್ ಮಾಡಿದ್ದೆ," ಎಂದ ನಿಧಾನಕ್ಕೆ. "ಮೂರನೇ ಸಾಲಿಗೆ ಬಂದಾಗ ಪಕ್ಕದ ಕೋಣೆಯಿಂದ ಒಂದು ಸದ್ದು ಸೇರಿಕೊಳ್ತು. ಅಷ್ಟು ಟೇಪು ಕತ್ತರಿಸಿ ತೆಗೆದು, ಉಳಿದ ತುದಿಗಳನ್ನ ಅಂಟಿಸಿಟ್ಟೆ, ಅದರ ಜೊತೆ ಒಂದು ಪೆಟ್ಟೂ ಹೋಯ್ತು. ನಾನು ರಿಪೇರಿಯವನಲ್ವಾ, ತುಂಡನ್ನ ಬಿಸಾಕಿರಲಿಲ್ಲ. ಈಗ ಮತ್ತೆ ಜೋಡಿಸಿ ತಂದಿದೀನಿ." ಟೇಪು ತಿರುಗಿತು. ಮೊದಲ ಸಾಲು, ಎರಡನೆಯದು. ಮೂರನೆಯದರಲ್ಲಿ, ಗುಡುಗಿನ ಎದೆ ಬಡಿಯಲು ಮರೆತ ಅದೇ ಜಾಗದಲ್ಲಿ, ತಾಳಕ್ಕೆ ಸರಿಯಾಗಿ ಒಂದು ಸೀನು ಸಿಡಿಯಿತು. ಸೋಫಾದ ಮೇಲೆ ಅಕ್ಕ ಬಾಯಿ ಮುಚ್ಚಿಕೊಂಡು ಸುಮ್ಮನೆ ಕೂತಿದ್ದಳು. ಕಣ್ಣು ಮುಚ್ಚಿಯೇ ಇದ್ದ ಗುಡುಗು ಮೈಕಿನ ಹತ್ತಿರ ಬಾಗಿ, ಇಡೀ ಊರಿಗೆ ಕೇಳಿಸುವ ಹಾಗೆ, "ಮಾತ್ರೆ ತಗೊಂಡ್ಯಾ ಅಕ್ಕ?" ಎಂದ.