ಗಾಜು ಇಳಿಸಿದ ಕಾರು

ಇದು ನನ್ನ ಕಣ್ಣೆದುರೇ ನಡೆದದ್ದು. ರಾಯದುರ್ಗದಲ್ಲಿ ನಾನು ಕಾರುಗಳ ವೈರಿಂಗ್ ಕೆಲಸ ಮಾಡುತ್ತೇನೆ. ಹೋದ ಏಪ್ರಿಲ್‌ನಲ್ಲಿ ಬೆಳುಗುಪ್ಪದ ಜಗದೀಶ್ ಮೇಷ್ಟ್ರು, ಮಡಕಶಿರದಲ್ಲಿ ಕೊಂಡ ಹಳೇ ಕಾರಿಗೆ ಚಿಕ್ಕದೊಂದು ಕಂಪ್ಯೂಟರ್ ಹಾಕಿಸಲು ಬಂದರು. ನಾವು ಆಡಿದ ಮಾತನ್ನು ಅದು ಪರದೆಯ ಮೇಲೆ ಬರೆದು, ಕೇಳಿದ ಹಾಡು ಹಾಕುತ್ತಿತ್ತು.

ಮಧ್ಯಾಹ್ನ ಕೆಲಸ ಮುಗಿಸಿ, ಗಾಜು ಏರಿಸಿ, ಇಬ್ಬರೂ ಮುಂದೆ ಕೂತೆವು. ನಾನು ಬಾಯಿ ತೆರೆಯುವ ಮೊದಲೇ ಪರದೆಯ ಮೇಲೆ ಅಕ್ಷರ ಮೂಡಿತು: "ಕಿಟಕಿ ತಗೀರಿ."

"ನೀವೇನಾರ ಅಂದ್ರೇನ್ರಿ?" ಎಂದೆ.

"ಇಲ್ಲಪ್ಪ, ನಾನೇನೂ ಅನ್ಲಿಲ್ಲ."

ಮತ್ತೆ ಅದೇ ಮೂಡಿತು. ಹೊರಗೆ ಸುಡುಬಿಸಿಲು, ನನ್ನ ಕತ್ತಿನ ಹಿಂಭಾಗ ಮಾತ್ರ ತಣ್ಣಗಾಗತೊಡಗಿತು. ತಿರುಗಿ ನೋಡಿದರೆ, ಹಿಂದಿನ ಎಡಗಡೆಯ ಗಾಜಿಗೆ ಒಳಗಿನಿಂದ ಯಾರೋ ಉಸಿರು ಬಿಟ್ಟಂತೆ ಮಂಜು ಹಿಡಿದಿತ್ತು.

"ನಾಳಿಂದ ನನ್ ಮಗಳು ಅಲ್ಲೇ ಕುಂದ್ರಾದು," ಎಂದರು ಮೇಷ್ಟ್ರು, ಮೆಲ್ಲಗೆ.

ಇಬ್ಬರೂ ಇಳಿದೆವು. ನಾನು ಒಳಗೆ ಕೈ ಹಾಕಿ ಮೈಕಿನ ವೈರು ಕಿತ್ತೆ. ಬರೆಯುವುದು ನಿಂತಿತು. ಬಾಗಿಲು ಹಾಕಿದ್ದೇ ತಡ, ಒಳಗಿನಿಂದ ಗಾಜು ತಟ್ಟುವ ಸದ್ದು ಶುರುವಾಯಿತು. ಮೊದಲು ಎಡಗಡೆ, ಆಮೇಲೆ ಬಲಗಡೆಯೂ.

"ಇಳಸ್ರಿ ಹೊನ್ನೂರಪ್ಪ, ಕೇಳಾಕ ಆಗವಲ್ದು," ಎಂದರು ಮೇಷ್ಟ್ರು.

ನಾಲ್ಕೂ ಗಾಜು ಇಳಿಸಿದೆ. ಸದ್ದು ನಿಂತಿತು. ಬಸ್ಸು ಹತ್ತಿ ಹೋದ ಮೇಷ್ಟ್ರು ಕಾರಿಗಾಗಿ ಮತ್ತೆ ಬರಲಿಲ್ಲ. ಹಳೇ ಮಾಲೀಕನನ್ನು ವಿಚಾರಿಸಿದೆ. ಆ ಕಾರಿನಲ್ಲಿ ಯಾರಿಗೂ ಏನೂ ಆಗಿಲ್ಲವಂತೆ.

ಕಾರು ಇವತ್ತಿಗೂ ನನ್ನ ಅಂಗಡಿಯ ಮುಂದಿದೆ. ಗಾಜು ಏರಿಸಲು ನನಗೆ ಧೈರ್ಯವಿಲ್ಲ. ಹೋದ ವಾರದ ಮಳೆಗೆ ಸೀಟುಗಳೆಲ್ಲ ತೊಯ್ದವು. ಹಿಂದೆ, ಇಬ್ಬರು ಕೂರುವಷ್ಟು ಜಾಗದಲ್ಲಿ ಮಾತ್ರ ಒಂದು ಹನಿಯೂ ಬಿದ್ದಿರಲಿಲ್ಲ.